ಕೆಳಗಿನ ದನಿ

ಬ್ಯಾಡಗಿ
೧೮ ಫೆಬ್ರುವರಿ ೨೦೨೫

ಪ್ರೀತಿಯ ನೀಲಾ,

ಜಾಹೀದಾಳ ಸಲಾಂ. ಒಂದು ತಿಂಗಳಿಂದ ನಿನ್ನ ಫೋನು ಎತ್ತಿಲ್ಲ, ತಪ್ಪಾಯಿತು. ಎತ್ತಿದರೆ ನನ್ನ ದನಿ ನಿನಗೆ ಕೇಳಿಸಬೇಕಾಗುತ್ತದೆ. ಸದ್ಯ ಅದನ್ನು ನಿನಗೆ ಕೊಡುವ ಮನಸ್ಸಿಲ್ಲ. ಅದಕ್ಕೇ ಈ ಕಾಗದ.

ನಾವೆಲ್ಲ ಆರಾಮ. ಈ ಸಲ ಮೆಣಸಿನಕಾಯಿ ಜೋರಾಗಿ ಬಂದಿದೆ. ತೊಟ್ಟು ಮುರಿಯುವ ಅಂಗಳದಲ್ಲಿ ನಿನ್ನ ಜಾಗಕ್ಕೆ ಮರಿಯವ್ವ ಬಂದು ಕೂತಿದ್ದಾಳೆ. ಅವಳಿಗೆ ಹಾಡು ಬರುವುದಿಲ್ಲ, ಬಾಯಿ ಮಾತ್ರ ಮುಚ್ಚುವುದಿಲ್ಲ. "ನಿನ್ನ ಗೆಳತಿ ರಾಣೇಬೆನ್ನೂರು ಸೇರಿ ದೊಡ್ಡಾಕಿ ಆಗ್ಯಾಳ ನೋಡವಾ" ಎಂದು ದಿನಕ್ಕೆ ನಾಲ್ಕು ಸಲ ಚುಚ್ಚುತ್ತಾಳೆ.

ನೆನಪಿದೆಯಾ? ನಿಮ್ಮಜ್ಜಿ ಮಂಗಳವ್ವ ಕಲಿಸಿದ ಬೀಸುವ ಪದವನ್ನು ನೀನು ಎತ್ತಿದರೆ ನನ್ನ ಗಂಟಲು ಅಷ್ಟು ಮೇಲಕ್ಕೆ ಹೋಗುತ್ತಿರಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಳಗೇ ಗುನುಗುತ್ತಿದ್ದೆ. ಮೊದಮೊದಲು ಎರಡೂ ದನಿ ಜಗಳವಾಡಿದವು, ಹೆಂಗಸರು ಬಿದ್ದು ಬಿದ್ದು ನಕ್ಕರು. ನೀನು ಏರುವಲ್ಲಿ ನಾನು ನಿಲ್ಲಬೇಕು, ನೀನು ನಿಲ್ಲುವಲ್ಲಿ ನಾನು ಒಂದು ಮೆಟ್ಟಿಲು ಇಳಿಯಬೇಕು ಎಂದು ಕಂಡುಕೊಳ್ಳಲು ಎರಡು ಸುಗ್ಗಿ ಹಿಡಿಯಿತು. ದನಿ ಕೂಡಿದ ದಿನ ಇಡೀ ಅಂಗಳ ಕೈ ನಿಲ್ಲಿಸಿ ಕೇಳಿತು.

ಆಮೇಲೆ ನೀನು, "ನಿನ್ನ ದಾರಿನೂ ನನಗ ಕಲಸ ಜಾಹೀದಾ, ನಾ ಅದರಾಗ ಜಾರಿ ಬೀಳಬಾರ್ದಲ್ಲ" ಅಂದೆ. ನಾನು ಕಲಿಸಿದೆ. ಎರಡನೆಯ ಸಾಲಿನ ಕೊನೆಗೆ ಖಾರದ ಕೆಮ್ಮು ನುಂಗಲು ಚೂರು ನಿಲ್ಲುತ್ತಿದ್ದೆನಲ್ಲ, ನೀನು ಅದನ್ನೂ ಬಿಡದೆ ಕಲಿತೆ.

ರಾಣೇಬೆನ್ನೂರಿನ ಸ್ಟುಡಿಯೋದಲ್ಲಿ ನಾವಿಬ್ಬರೂ ಕೂಡಿ ಹಾಡು ರೆಕಾರ್ಡ್ ಮಾಡಬೇಕಿದ್ದ ದಿನ ನಾನು ಹೊಸ ಸೀರೆ ಉಟ್ಟು ಬಸ್‌ಸ್ಟ್ಯಾಂಡಿಗೆ ಬಂದಿದ್ದೆ. ಅಷ್ಟರಲ್ಲಿ ನಿನ್ನ ಫೋನು: "ಬರಬ್ಯಾಡ, ಮಷೀನ್ ಕೆಟ್ಟೈತಿ." ನಂಬಿ ಮನೆಗೆ ಬಂದೆ. ವಾರ ಬಿಟ್ಟು ಹಾವೇರಿ ಬಸ್ಸಿನಲ್ಲಿ ಯಾರದೋ ಮೊಬೈಲಿನಲ್ಲಿ ಅದೇ ಪದ. ಮೇಲಿನ ದನಿ ನಿನ್ನದು. ಕೆಳಗಿನದೂ ನಿನ್ನದೇ. ಸ್ಟುಡಿಯೋದ ಯುವರಾಜನಿಗೆ ಫೋನ್ ಮಾಡಿ ಕೇಳಿದೆ. "ಒಂದರ ಮ್ಯಾಲೊಂದು ಎರಡೂ ದನಿ ನೀಲಕ್ಕಾರ ಹಾಡ್ಯಾರ್ರಿ. ಇನ್ನೊಬ್ಬಾಕಿ ಭಾಳ ಕೆಮ್ಮತಾಳ, ಬ್ಯಾಡ ಅಂದ್ರು" ಎಂದ.

ಮೋಸ ಮಾಡಿದೆ ನೀಲಾ. ಉಂಡೂ ಹೋದೆ, ಕೊಂಡೂ ಹೋದೆ. ನನ್ನ ಕೆಮ್ಮು ಬೇಡವಾಯಿತು, ಕೆಮ್ಮು ನುಂಗುವ ಆ ನಿಲುಗಡೆ ಮಾತ್ರ ಬೇಕಾಯಿತೇ? ಅದನ್ನೂ ಹಾಗೆಯೇ ಹಾಡಿದ್ದೀಯ. "ನೀ ಬ್ಯಾಡ, ನಾನ ಹಾಡ್ತೀನಿ" ಎಂದು ಎದುರಿಗೆ ಹೇಳಿದ್ದರೆ ಎರಡು ದಿನ ಅತ್ತು ಸುಮ್ಮನಾಗುತ್ತಿದ್ದೆ.

ಮಂಗಳವ್ವನ ಮೊಣಕಾಲು ನೋವು ಹೇಗಿದೆ, ಬರೆ. ನಿನ್ನ ಗಂಟಲಿಗೆ ಯಾವ ಕೇಡೂ ಬಾರದಿರಲಿ. ಶಾಪ ಹಾಕಬೇಕೆಂದೇ ಕೂತಿದ್ದೆ, ಬಾಯಿಗೆ ದುವಾನೇ ಬರುತ್ತದೆ, ಏನು ಮಾಡಲಿ.

ನಿನ್ನ
ಜಾಹೀದಾ

ತಾ.ಕ.: ಹಾಡು ಬರುತ್ತದೆಂದು ನನ್ನ ಮಗಳು ಅಫ್ರೀನ್ ಶಾಲೆಗೆಲ್ಲ ಸಾರಿಬಿಟ್ಟಿದ್ದಳು. ಬಂದ ಮೇಲೆ ಕೇಳಿ, "ಅಮ್ಮಿ, ಇದರಾಗ ನೀ ಯಾವಾಕಿ?" ಅಂದಳು. "ಕೆಳಗಿನಾಕಿ" ಅಂದುಬಿಟ್ಟೆ. "ನಿನ್ನ ದನಿ ಬ್ಯಾರೇನ ಐತಲ್ಲ?" ಅಂದಳು. "ಮೊಬೈಲಿನಾಗ ಎಲ್ಲಾರದೂ ಹಂಗ ಕೇಳತೈತಿ" ಅಂದೆ. ಈಗ ದಿನಾ ಅದನ್ನು ಹಚ್ಚಿಕೊಂಡು, ನನ್ನ ದನಿ ಎಂದು ನಿನ್ನ ದನಿಯನ್ನು ಕಲಿಯುತ್ತಿದ್ದಾಳೆ. ಎರಡನೆಯ ಸಾಲಿನ ಕೊನೆಗೆ ಅವಳೂ ಚೂರು ನಿಲ್ಲುತ್ತಾಳೆ. ನಾನು ಬಾಯಿ ತೆರೆದರೆ ಅವಳಿಗೆ ಗೊತ್ತಾಗಿಬಿಡುತ್ತದೆ ನೀಲಾ. ಅದಕ್ಕೆ ಮನೆಯಲ್ಲಿ ಹಾಡುವುದನ್ನೇ ಬಿಟ್ಟಿದ್ದೇನೆ.