ಹೀರೇಬೀಜದ ಉಸಿರು

ತುರ್ವಿಹಾಳ
ಜುಲೈ 22, 2024, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ನಿಮ್ಮ ಸೊಸೆ ಅತೀಯಾಳ ಸಲಾಂ. ಕಣ್ಣಿನ ಪಟ್ಟಿ ಬಿಚ್ಚಿದರಾ? ಆಪರೇಷನ್ ಆದ ಕಣ್ಣಿಗೆ ನೀರು ತಾಗಿಸಬೇಡಿ, ಒಲೆಯ ಹತ್ತಿರ ಕೂರಬೇಡಿ. ನಿಮ್ಮ ಮಗಳು ಸುಲ್ತಾನಾ ಆಪಾ ಇದನ್ನು ಓದಿ ಹೇಳಲಿ. ಆಪಾ, ನನ್ನ ಐದನೇ ಕ್ಲಾಸಿನ ಅಕ್ಷರಕ್ಕೆ ನಗಬೇಡಿ. ಫೋನಿನಲ್ಲಿ ಅಮ್ಮನ ದನಿ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಅಮ್ಮಾ, ನಿನ್ನೆ ನೀವು, “ಹೀರಿಬಳ್ಳಿ ಎಷ್ಟುದ್ದ ಆಗೇತಿ ಬೇ?” ಎಂದು ಕೇಳಿದಾಗ, “ಛಲೋ ಐತ್ರಿ” ಎಂದುಬಿಟ್ಟೆ. ಸುಳ್ಳು ಅಮ್ಮಾ. ಒಂದೂ ಹುಟ್ಟಿಲ್ಲ.

ಅದು ನೀವು ಮದುವೆಯಾಗಿ ಬರುವಾಗ ಸಾಲಗುಂದದಿಂದ ತಂದ ಬೀಜ. ಅಲ್ಲಿಯೂ ಈಗ ಎಲ್ಲರೂ ಅಂಗಡಿಯ ಪಾಕೀಟು ಹರಿಯುವವರೇ, ಇದು ಹೋದರೆ ಮತ್ತೆ ಸಿಗದು. ಅದರ ಬೆಲೆ ಗೊತ್ತಿದ್ದೂ ಹಾಳು ಮಾಡಿದೆ. ನನ್ನ ತವರಿನಲ್ಲಿ ಕಂಡದ್ದು ಬತ್ತ ಒಂದೇ. ಅಬ್ಬಾ ಬತ್ತವನ್ನು ನೆನೆಸಿ, ಮೊಳಕೆ ಬರಿಸಿ, ಕೆಸರಿನ ಮಡಿಯಲ್ಲಿ ಚೆಲ್ಲುತ್ತಿದ್ದರು. ನಾನೂ ಹಿತ್ತಿಲ ಮಡಿಯನ್ನು ಕೆಸರು ಮಾಡಿ ಹೀರೇಬೀಜ ಊರಿದೆ, ದಿನಾ ಎರಡು ಕೊಡ ನೀರು ನಿಲ್ಲಿಸಿದೆ. ಹತ್ತು ದಿನ ಕಾದು ಕೆದಕಿದರೆ ಕರೀ ಸಿಪ್ಪೆಯೊಳಗೆ ಬರೀ ಲೋಳೆ, ಕೆಟ್ಟ ವಾಸನೆ.

ಪಕ್ಕದ ಮನೆಯ ಆದಮ್ಮ ನೋಡಿ ಹಣೆ ಬಡಿದುಕೊಂಡರು. “ಬತ್ತ ನೀರಾಗ ಇದ್ರೂ ಮೊಳಿತೈತಿ ತಾಯಿ. ಹೀರಿಬೀಜಕ್ಕ ಉಸುರು ಬೇಕು. ನೀ ಅದರ ಮೂಗು ಹಿಡಕೊಂಡು ಕುಂತಿ!” ಬೀಜ ಉಸಿರಾಡುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ ಅಮ್ಮಾ. ಒಣಗಿದ್ದಾಗ ಸತ್ತ ಹಾಗೆ ಮಲಗಿರುತ್ತದಂತೆ. ನೀರು ಕುಡಿದು ಎಚ್ಚರಾದ ಮೇಲೆ ಗಾಳಿ ಸಿಗದಿದ್ದರೆ ಒಳಗೇ ಕೊಳೆಯುತ್ತದಂತೆ.

ನೀವು ಜಂತಿಗೆ ಕಟ್ಟಿದ್ದ ಒಣ ಹೀರೇಕಾಯಿಯನ್ನು ಇಳಿಸಿ ಅಲ್ಲಾಡಿಸಿದೆ. ನಾರಿನಲ್ಲಿ ಸಿಕ್ಕಿಕೊಂಡಿದ್ದ ಹತ್ತು ಬೀಜ ಉದುರಿದವು. ಆದಮ್ಮ ಒಂದನ್ನು ಕತ್ತರಿಸಿಯೇ ಬಿಟ್ಟರು, ನನ್ನ ಜೀವ ಹೋದಂತಾಯಿತು. ಒಳಗೆ ಎರಡು ಬಿಳಿ ಹೋಳು. ಚೂಪಾದ ತುದಿಯಲ್ಲಿ ನುಚ್ಚಿನಷ್ಟು ಸಣ್ಣ ಮೊಳಕೆಯ ಕೂಸು. ಎಲೆ ಬಿಸಿಲು ಕಾಣುವ ತನಕ ಕೂಸಿಗೆ ಆ ಹೋಳುಗಳೇ ಬುತ್ತಿ. ಐದನ್ನು ಹಿಂಡಿದ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಟ್ಟೆ. ಇವತ್ತಿಗೆ ನಾಲ್ಕನೇ ದಿನ. ಮೂರು ಹಾಗೇ ಇವೆ. ಎರಡು ಬಾಯಿ ಬಿಟ್ಟು ಬಿಳೀ ಬೇರು ಚಾಚಿವೆ, ಆ ಬೇರು ಬಟ್ಟೆಯ ನೂಲಿಗೆ ಹಿಡಿದುಕೊಂಡಿದೆ. ಈಗಲೇ ಮಣ್ಣಿಗೆ ಹಾಕಬೇಕು. ಬೇರು ಮುರಿದರೆ ಮುಗಿಯಿತು. ಬೆಳಗಿನಿಂದ ಮೂರು ಸಲ ಕೈ ಚಾಚಿ ಹಿಂದೆ ತೆಗೆದೆ. “ಬೇರು ಕೆಳಗ ಹೋಗೂದು ಅದಕ್ಕ ನೀ ಕಲಿಸಬ್ಯಾಡ, ಬಟ್ಟಿ ಕತ್ತರಿಸಿ ಸುಮ್ಮ ಇಡು” ಎನ್ನುತ್ತಾರೆ ಆದಮ್ಮ. ಕಾಗದ ಮುಗಿಸಿ ಅದನ್ನೇ ಮಾಡುತ್ತೇನೆ.

ಆಪಾಗೂ ಮಕ್ಕಳಿಗೂ ಸಲಾಂ. ನಿಮ್ಮ ಕಣ್ಣಿಗಾಗಿ ಐದು ಹೊತ್ತೂ ದುವಾ ಮಾಡುತ್ತಿದ್ದೇನೆ.

ನಿಮ್ಮ ಸೊಸೆ
ಅತೀಯಾ

ತಾ.ಕ.: ನಿಮ್ಮ ಮಗ ಈ ಕಾಗದ ಹಿಡಿದು ಲಿಂಗಸುಗೂರಿಗೆ, ನಿಮ್ಮಲ್ಲಿಗೆ ಹೊರಡಲು ಗಾಡಿ ಚಾಲೂ ಮಾಡಿ, “ಕಾಗದ ಬರಿಯಾಕತ್ತೀಯೋ, ಕಿತಾಬೋ?” ಎಂದು ಕೂಗುತ್ತಿದ್ದಾರೆ. ಉಳಿದ ನಾಲ್ಕು ಬೀಜಗಳನ್ನು ಈ ಕಾಗದದೊಳಗೇ ಮಡಿಚಿದ್ದೇನೆ. ನೀವು ಓದಿಸಿಕೊಳ್ಳುವ ಹೊತ್ತಿಗೆ ಇಲ್ಲಿಯವು ಸತ್ತಿರಬಹುದು. ಇವು ನಿಮ್ಮ ಸೆರಗಿನ ಗಂಟಿನಲ್ಲಿರಲಿ, ನಾನು ಕೇಳಿದರೂ ಕೊಡಬೇಡಿ. ಕಣ್ಣು ವಾಸಿಯಾದ ಮೇಲೆ ಬಂದು, ಬೈಯುತ್ತಲೇ ಆಗಲಿ, ನನ್ನನ್ನು ಎದುರಿಗೆ ಕೂರಿಸಿಕೊಂಡು ಊರಿ.