ಇಡದ ಪಾಷಾಣ

೧೯೦೩, ಜನವರಿ ೧೨. ಮೊಳಕಾಲ್ಮೂರು

ಎಂದಿನಂತೆ ಬೆಳಿಗ್ಗೆ ನೇಕಾರರ ಕೇರಿ ಸುತ್ತಿದೆ. ಚಳ್ಳಕೆರೆಯ ಮದುವೆ ಮನೆಗೆ ತಂದುಕೊಡಲು ನಾನು ಒಪ್ಪಿಕೊಂಡ ಕೆಂಪು ರೇಷ್ಮೆ ಸೀರೆ ಚಿನ್ನಯ್ಯನ ಮಗ್ಗದಲ್ಲಿದೆ. ಸೆರಗು ಮಾತ್ರ ಬಾಕಿ. ಹೋದಾಗ ಅವನೂ ಹೆಂಡತಿ ಪಾಲಮ್ಮನೂ ಮಗ್ಗದ ಗುಂಡಿಯೊಳಗೆ ನೋಡುತ್ತ ನಿಂತಿದ್ದರು. ಸತ್ತ ಇಲಿ.

ಇಲಿ ಬಿದ್ದರೆ ಪ್ಲೇಗು. ಮನೆ ಬಿಟ್ಟು ಊರಾಚೆ ಗುಡಿಸಲು ಸೇರಬೇಕು. ಸೀರೆ? ಮುಹೂರ್ತ? ಬಾಯಿ ನನಗಿಂತ ಮೊದಲೇ ಹೊರಟಿತು.

"ಲೇ ಚಿನ್ನಯ್ಯ, ಹಿತ್ತಲಲ್ಲಿ ಪಾಷಾಣ ಇಟ್ಟೋನು ನಾನೇ ಕಣೋ. ರೇಷ್ಮೆ ಕಡೀತಾವೆ ಅಂತ. ಅದನ್ನ ತಿಂದು ಸತ್ತೈತೆ."

ಪಾಲಮ್ಮ ಉಸಿರು ಬಿಟ್ಟು ನಕ್ಕಳು. "ಮೊದ್ಲೇ ಹೇಳಬಾರ್ದಾ ಜೋಗಪ್ಪಣ್ಣಾ? ಜೀವಾನೇ ಹೋಗಿತ್ತು."

ಬಾಲ ಹಿಡಿದೆತ್ತಿ ಆಚೆ ಎಸೆದಳು. ಬರಿಗೈಯಲ್ಲಿ. ಮನೆ ಬಿಡಲಿಲ್ಲ. ಮಗ್ಗ ಮತ್ತೆ ಶುರು.

ಒಳ್ಳೇ ಮಾತೇ ಹೊಳೆಯಿತು... ದಲ್ಲಾಳಿಯ ಪಳಗಿದ ನಾಲಿಗೆ.

ಜನವರಿ ೧೯. ಚಳ್ಳಕೆರೆ

ಸೀರೆ ಬರಲಿಲ್ಲ. ಮದುಮಗಳಿಗೆ ಬೇರೆ ಉಡಿಸಿದರು. ಮೊಳಕಾಲ್ಮೂರಿನ ಗಾಡಿಯವನು ಹೇಳಿದ — ಪಾಲಮ್ಮನಿಗೆ ಜ್ವರ, ತೊಡೆಸಂದಿಯಲ್ಲಿ ಗಡ್ಡೆ.



ಫೆಬ್ರವರಿ ೩. ಮೊಳಕಾಲ್ಮೂರು

ಪಾಲಮ್ಮ ಹೋದಳಂತೆ. ಕೇರಿಯಲ್ಲಿ ಇನ್ನೂ ಇಬ್ಬರು. ಉಳಿದವರೆಲ್ಲ ಗುಡಿಸಲುಗಳಲ್ಲಿ. ಖಾಲಿ ಕೇರಿ ದಾಟಿ ಹೋದೆ. ಚಿನ್ನಯ್ಯನ ಬೀಗ ಹಾಕಿದ ಮನೆಯೊಳಗೆ ಮಗ್ಗದ ಲಾಳಿ ಓಡಿದ ಸದ್ದು. ಗಾಳಿಯಿರಬೇಕು. ಗಾಳಿಗೆ ಮಗ್ಗ ತುಳಿಯಲು ಬರುವುದಿಲ್ಲ, ಅದೂ ಗೊತ್ತು.

ಗುಡಿಸಲುಗಳ ಹತ್ತಿರ ಚಿನ್ನಯ್ಯ ಓಡಿ ಬಂದು ಕೈ ಹಿಡಿದ. ಇಲಿ ಮುಚ್ಚಿಟ್ಟು ಕೇರಿಗೆಲ್ಲ ರೋಗ ಹಂಚಿದನೆಂದು ಅವನಿಗೆ ಯಾರೂ ನೀರು, ಬೆಂಕಿ ಕೊಡುತ್ತಿಲ್ಲ.

"ನಾಳೆ ಯಜಮಾನರ ಮುಂದೆ ಒಂದು ಮಾತು ಹೇಳ್ರಿ ಅಣ್ಣಾ, ಪಾಷಾಣ ಇಟ್ಟಿದ್ದೆ ಅಂತ. ನೀವು ಹೇಳಿದ್ರೆ ಯಾರೂ ಇಲ್ಲ ಅನ್ನಲ್ಲ."

ಫೆಬ್ರವರಿ ೪

ಹೇಳಿದೆ. ಯಜಮಾನ ಬೊಮ್ಮಯ್ಯನ ಮುಂದೆ, ಕೇರಿಯೆಲ್ಲ ಕೂತಿರುವಾಗ.

"ಪಾಷಾಣ ಇಟ್ಟೇ ಇರಲಿಲ್ಲ. ಸೀರೆ ಮುಗೀಲಿ ಅಂತ ಸುಳ್ಳು ಹೇಳ್ದೆ. ತಪ್ಪು ನಂದು, ಇವನದಲ್ಲ."

ಬೊಮ್ಮಯ್ಯ ಎದ್ದು ಬಂದು ಬೆನ್ನು ತಟ್ಟಿದ. "ಹೆಂಡ್ತಿ ಕಳ್ಕೊಂಡೋನ ಮಾನ ಉಳ್ಸೋಕೆ ತಪ್ಪು ತನ್ನ ಮೇಲೆ ಹಾಕ್ಕಂತಾನೆ ನೋಡ್ರಿ! ಜೋಗಪ್ಪನ ಬಾಯಲ್ಲಿ ಸುಳ್ಳೂ ಚಂದ."

ಆಣೆ ಮಾಡಿದೆ. ಇನ್ನಷ್ಟು ಹೊಗಳಿದರು. ನನ್ನ ಮುಖ ನೋಡಿ ಚಿನ್ನಯ್ಯನನ್ನು ಮನ್ನಿಸಿದರು, ಒಂದು ಕೊಡ ನೀರು ತಂದಿಟ್ಟರು.

ನಂಬಿದವನು ಚಿನ್ನಯ್ಯ ಒಬ್ಬನೇ. ಹಿಡಿದಿದ್ದ ಕೈ ಬಿಟ್ಟ.

ಮಾರ್ಚ್ ೨೯. ಚಳ್ಳಕೆರೆ

ಇಷ್ಟು ದಿನ ಬರೆಯಲಿಲ್ಲ. ಸಂತೆಯಲ್ಲಿ ಸುಮ್ಮನಿದ್ದರೆ, ಬೆಲೆ ಏರಿಸಲು ಹೊಸ ವರಸೆ ಎನ್ನುತ್ತಾರೆ. ಲಾಳಿಯ ಸದ್ದು ಇಲ್ಲಿಗೂ ಬಂದಿದೆ. ಈ ಬೀದಿಯಲ್ಲಿ ಒಂದೂ ಮಗ್ಗವಿಲ್ಲ.

ಸಂಜೆ ಚಿನ್ನಯ್ಯ ನನ್ನ ಮನೆಗೆ ಬಂದ. ಜಗಲಿ ಹತ್ತಲಿಲ್ಲ. ಗಂಟು ಇಟ್ಟ.

"ಮುಗಿಸಿ ಕೊಡ್ತೀನಿ ಅಂದಿದ್ನಲ್ಲ. ತಗಳ್ರಿ."

"ಒಳಗೆ ಬಾರೋ."

"ನಿಮ್ಮನೇಲಿ ಇಲಿ ಅದಾವಾ?"

"ಇಲ್ಲ..."

"ನೀವಂದ್ರೆ ಸರಿ ಬಿಡ್ರಿ." ಹೋಗಿಬಿಟ್ಟ.

ಕೆಂಪು ಸೀರೆ. ಮಗ್ಗ ಬಹಳ ದಿನ ನಿಂತು ಮತ್ತೆ ಶುರುವಾದರೆ ಬಟ್ಟೆಯಲ್ಲೊಂದು ಗೀರು ಉಳಿಯುತ್ತದೆ. ಗಿರಾಕಿಯ ಕಣ್ಣಿಗೆ ಕಾಣದು, ನನ್ನ ಬೆರಳಿಗೆ ಸಿಗುತ್ತದೆ. ಗೀರಿನ ಆ ಕಡೆ ಪಾಲಮ್ಮ ಸುತ್ತಿಕೊಟ್ಟ ಎಳೆ. ಈ ಕಡೆ —

ಮಡಿಕೆ ಬಿಚ್ಚಿ ಗೀರು ಹುಡುಕುತ್ತ ಬೆರಳಾಡಿಸುತ್ತಿದ್ದೇನೆ. ಸೆರಗಿನ ಹತ್ತಿರ, ಇಲ್ಲೇ ಎಲ್ಲೋ