ಎರಡನೇ ಕೋಣೆಯಲ್ಲಿ ಮೇಲೇರಿದ ಗೆರೆ

ಮಾನ್ಯ ಪರೀಕ್ಷಾಂಗ ಕುಲಸಚಿವರೇ,

ನಾನು ನಕಲು ಮಾಡಿಲ್ಲ. ಈ ಮಾತನ್ನು ನಿಮ್ಮ ಕಚೇರಿಯ ಎಲ್ಲ ಕಿಟಕಿಗಳಲ್ಲೂ ಹೇಳಿ ಆಗಿದೆ. ಒಂದು ಕಿಟಕಿಯವರು ಪಕ್ಕದ ಕಿಟಕಿ ತೋರಿಸಿದರು, ಪಕ್ಕದವರು ಅದರ ಪಕ್ಕದ್ದನ್ನು ತೋರಿಸಿದರು, ಕೊನೆಯ ಕಿಟಕಿಯವರು ಊಟಕ್ಕೆ ಹೋಗಿದ್ದರು. ದಿನಪತ್ರಿಕೆಯಾದರೆ ಟೋಕನ್ ಇಲ್ಲದೆ ನೇರವಾಗಿ ನಿಮ್ಮ ಮೇಜಿಗೆ ಬರುತ್ತದೆಂದು ಕೇಳಿ ಇಲ್ಲಿ ಬರೆಯುತ್ತಿದ್ದೇನೆ.

ಅರ್ಥಶಾಸ್ತ್ರ ಪದವಿಯ ಮೊದಲ ವರ್ಷದಲ್ಲಿ ಎರಡನೇ ಕೋಣೆಯಲ್ಲಿ ಕೂರುತ್ತಿದ್ದ ಎಲ್ಲರ ಫಲಿತಾಂಶವನ್ನೂ ‘ಸಾಮೂಹಿಕ ನಕಲು’ ಎಂದು ನೀವು ತಡೆಹಿಡಿದಿರಿ. ಒಂದು ಪ್ರಶ್ನೆಗೆ ನಾವೆಲ್ಲರೂ ಒಂದೇ ಬಗೆಯ ತಪ್ಪು ಚಿತ್ರ ಬರೆದಿದ್ದೇವೆ ಎನ್ನುವುದು ನಿಮ್ಮ ಸಾಕ್ಷಿ. ಬರೆದದ್ದು ನಿಜ. ಅದು ಹೇಗಾಯಿತು ಎಂದು ಪೂರ್ತಿ ಕೇಳಿಸಿಕೊಳ್ಳುವಷ್ಟು ತಾಳ್ಮೆ ನಿಮ್ಮಲ್ಲಿ ಯಾರಿಗೂ ಇರಲಿಲ್ಲ. ಈಗಲಾದರೂ ಕಾಫಿ ಕುಡಿಯುತ್ತಾ ಓದಿ.

ಎರಡನೇ ಕೋಣೆಗೆ ನೀವು ಎಂದೂ ಬಂದಿರಲಾರಿರಿ. ಇರುವ ಸೀಟಿಗಿಂತ ಹೆಚ್ಚು ಮಂದಿಯನ್ನು ಸೇರಿಸಿಕೊಂಡಿರಿ, ಹೀಗಾಗಿ ಬೇಡಿಕೆ ಮತ್ತು ಪೂರೈಕೆಯ ಪಾಠ ನಮಗೆ ಪುಸ್ತಕ ತೆರೆಯುವ ಮೊದಲೇ ಆಯಿತು. ದೊಡ್ಡ ಸಭಾಂಗಣದಲ್ಲಿ ಜಾಗ ಸಿಗದವರನ್ನು ಕಾರಿಡಾರಿನ ತುದಿಯಲ್ಲಿ, ಮುರಿದ ಕುರ್ಚಿಗಳನ್ನು ಪೇರಿಸಿಡುತ್ತಿದ್ದ ಕೋಣೆಗೆ ಕಳಿಸಿದಿರಿ. ಗೋಡೆಗೆ ಒಂದು ಪರದೆ ಕಟ್ಟಿದಿರಿ. ಸಭಾಂಗಣದ ಪಾಠ ಆ ಪರದೆಯ ಮೇಲೆ ಬರುತ್ತಿತ್ತು. ಅದರಲ್ಲಿ ಮೇಷ್ಟ್ರು ಕಾಣುತ್ತಿದ್ದರು, ಬೋರ್ಡು ಕಾಣುತ್ತಿರಲಿಲ್ಲ. ಅವರು ಚಾಕ್‌ಪೀಸ್ ಹಿಡಿದು ತಿರುಗಿದರೆ ನಮಗೆ ಸಿಗುತ್ತಿದ್ದುದು ಅವರ ಬೆನ್ನು, ಒಂದು ಭುಜ, ಒಂದು ಮೊಣಕೈ. ಕೈ ಮೇಲೆ ಹೋಗಿ ಎಲ್ಲೋ ಮಾಯವಾಗುತ್ತಿತ್ತು.

ದೂರು ಕೊಡಲಿಲ್ಲವೇ ಎಂದು ಕೇಳುತ್ತೀರಿ. ಕೊಟ್ಟೆವು. ಕ್ಯಾಮೆರಾ ಕಟ್ಟಡ ವಿಭಾಗದ್ದು, ಪರದೆ ಗ್ರಂಥಾಲಯದ್ದು, ಕೋಣೆ ಕ್ರೀಡಾ ವಿಭಾಗದ್ದು ಎಂದು ಗೊತ್ತಾಯಿತು. ನಾವು ಯಾವ ವಿಭಾಗದವರು ಎಂಬುದೊಂದು ಗೊತ್ತಾಗಲಿಲ್ಲ.

ಮನುಷ್ಯ ಎಲ್ಲದಕ್ಕೂ ಹೊಂದಿಕೊಳ್ಳುತ್ತಾನೆ. ನಾವು ಮೊಣಕೈ ಓದುವುದನ್ನು ಕಲಿತೆವು. ಮೊಣಕೈ ಎತ್ತರದಲ್ಲಿ ಶುರುವಾಗಿ ತಗ್ಗಿದರೆ ಗೆರೆ ಅಲ್ಲಿಂದ ಇಲ್ಲಿಗೆ ಇಳಿಯಿತು, ಗಿರಕಿ ಹೊಡೆದರೆ ವಕ್ರರೇಖೆ, ಎರಡು ಸಲ ಕುಟ್ಟಿದರೆ ಮುಖ್ಯವಾದದ್ದು. ಮೇಷ್ಟ್ರು ಎಡಗೈಯಲ್ಲಿ ಬರೆಯುತ್ತಿದ್ದರು, ಬಲಗಡೆಯಿಂದ ಎಡಗಡೆಗೆ ಎಳೆಯುತ್ತಿದ್ದರು. ಎಡಚರು ಹಾಗೇ ಎಳೆಯುತ್ತಾರೇನೋ ಎಂದುಕೊಂಡೆವು. ಪುಸ್ತಕದಲ್ಲಿರುವ ಚಿತ್ರಗಳನ್ನು ಪುಸ್ತಕ ನೋಡಿ ಕಲಿತೆವು, ಅದರಲ್ಲಿ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಮೇಷ್ಟ್ರ ಸ್ವಂತ ಚಿತ್ರದಲ್ಲಿ. ಒಂದು ಮನೆಯಲ್ಲಿ ಹೊರಗೆ ದುಡಿಯಲು ಹೋಗುವವರು ಹೆಚ್ಚಿದಂತೆ ಮನೆಯವರ ಬಿಡುವು ಏನಾಗುತ್ತದೆ ಎಂಬ ಚಿತ್ರ.

“ಇದು ಯಾವ ಪುಸ್ತಕದಲ್ಲೂ ಇಲ್ಲ, ನಾನೇ ಮಾಡಿದ್ದು,” ಎಂದರು. “ನೋಡ್ಕೊಳ್ಳಿ, ಇಲ್ಲಿಂದ ಹೀಗೆ ಬರುತ್ತೆ. ಯಾಕೆ ಹೀಗೆ ಅಂತ ನೀವೇ ಯೋಚ್ನೆ ಮಾಡಿ. ಪರೀಕ್ಷೇಲಿ ಕೇಳ್ತೀನಿ.”

ಮೊಣಕೈ ಬಲಗಡೆಯ ಎತ್ತರದಿಂದ ಎಡಗಡೆಯ ತಗ್ಗಿಗೆ ಬಂತು. ಅಂದರೆ ಎಡದಿಂದ ಬಲಕ್ಕೆ ಓದಿದರೆ ಗೆರೆ ಮೇಲೇರುತ್ತದೆ. ದುಡಿಯುವವರು ಹೆಚ್ಚಿದಂತೆ ಬಿಡುವೂ ಹೆಚ್ಚುತ್ತದೆ. ಕೋಣೆಯವರೆಲ್ಲ ಹಾಗೇ ಬರೆದುಕೊಂಡೆವು. ಕಾರಣವೂ ಹುಡುಕಿದೆವು: ಹೊರೆ ಹಂಚಿಹೋಗುತ್ತದೆ, ಆದ್ದರಿಂದ ಒಬ್ಬೊಬ್ಬರಿಗೂ ಪುರುಸೊತ್ತು ಸಿಗುತ್ತದೆ. ಗೆರೆ ಯಾವ ಕಡೆ ಹೋದರೂ ಅದಕ್ಕೊಂದು ಕಾರಣ ಕೊಡುವ ವಿದ್ಯೆ ಅರ್ಥಶಾಸ್ತ್ರ ಓದುವವರಿಗೆ ಮೊದಲ ತಿಂಗಳಲ್ಲೇ ಬಂದುಬಿಡುತ್ತದೆ.

ಇದರಲ್ಲಿ ನನಗೆ ಹೆಚ್ಚು ನೋವಾಗುವುದು ಯಾವುದೆಂದರೆ, ಸರಿ ಉತ್ತರ ನನಗೆ ಗೊತ್ತಿತ್ತು. ನನ್ನ ಅಪ್ಪ ಬಸ್ ಓಡಿಸುತ್ತಾರೆ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಪಾಳಿ ಕೆಲಸಕ್ಕೆ ಸೇರಿದರು. ಆಮೇಲೆ ಅಕ್ಕ ಔಷಧಿ ಅಂಗಡಿಗೆ ಸೇರಿದಳು. ಅಂದಿನಿಂದ ನಮ್ಮ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಕೂತು ಉಂಡದ್ದು ನೆನಪಿಲ್ಲ. ಸಿಂಕಿನಲ್ಲಿ ಪಾತ್ರೆ ಬಿದ್ದಿರುತ್ತದೆ. ಅಮ್ಮ ಚಪ್ಪಲಿ ಹಾಕಿಕೊಳ್ಳುತ್ತಾ, “ನೀನು ಮುಟ್ಬೇಡ, ಓದ್ಕೋ, ನಾನು ಬಂದು ತೊಳೀತೀನಿ,” ಅನ್ನುತ್ತಾರೆ. ಬಂದ ಮೇಲೆ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಾರೆ. ಗೆರೆ ಇಳಿಯುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನಮ್ಮ ಮನೆಯೇ ಎಲ್ಲೋ ಲೆಕ್ಕ ತಪ್ಪಿದ ಮನೆ, ನಾವೇ ಬಾಳಲು ಬಾರದವರು ಎಂದುಕೊಂಡು ಮೇಷ್ಟ್ರ ಮೊಣಕೈಯನ್ನು ನಂಬಿದೆ. ವಿಶ್ವವಿದ್ಯಾಲಯಕ್ಕೆ ಇದಕ್ಕಿಂತ ದೊಡ್ಡ ಗೌರವ ಯಾರು ಕೊಟ್ಟಾರು?

ವಿಚಾರಣಾ ಸಮಿತಿಯ ಮುಂದೆ ನನ್ನನ್ನು ಕರೆದ ದಿನ ಮೇಷ್ಟ್ರೂ ಬಂದಿದ್ದರು. ಅವರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹಾಜರಿ ಪುಸ್ತಕ ಅವರ ಮುಂದೆ ಇಟ್ಟರು. ಅವರು ಪೆನ್ನು ತೆಗೆದು ಬಲಗೈಯಲ್ಲಿ ಸಹಿ ಹಾಕಿದರು.

“ಸರ್, ನೀವು ಎಡಚರಲ್ವಾ?” ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

“ಯಾರಮ್ಮ ಹೇಳಿದ್ದು? ಹುಟ್ಟಿದಾಗಿಂದ ಬಲಗೈಯೇ.”

ಆಗ ಹೊಳೆಯಿತು. ನಮ್ಮ ಪರದೆಯಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿ ಬರುತ್ತಿತ್ತು. ಅವರು ಎಡದಿಂದ ಬಲಕ್ಕೆ ಇಳಿಸಿದ ಗೆರೆ ನಮ್ಮ ಕೋಣೆಗೆ ತಲುಪುವಷ್ಟರಲ್ಲಿ ಏರುವ ಗೆರೆಯಾಗುತ್ತಿತ್ತು. ನಾನು ಎದ್ದು ನಿಂತು, ಕೈಯಾಡಿಸಿ, ಗಾಳಿಯಲ್ಲಿ ಗೆರೆ ಎಳೆದು ವಿವರಿಸಿದೆ. ಖುಷಿಯಿಂದ ವಿವರಿಸಿದೆ, ಎಂಥ ಪೆದ್ದಿ ನಾನು. ಎಲ್ಲ ಬಗೆಹರಿಯಿತು ಎಂದುಕೊಂಡಿದ್ದೆ.

ಸಮಿತಿಯ ಅಧ್ಯಕ್ಷರು ತಂತ್ರಜ್ಞರನ್ನು ಕರೆಸಿದರು. ರಜೆಯಲ್ಲಿ ಹೊಸ ಕ್ಯಾಮೆರಾ ಹಾಕಿದ್ದೇವೆ, ಈಗ ಸರಿಯಾಗಿದೆ ಎಂದರು ಅವರು. ಈಗ ಸರಿ ಇದೆ ಎಂದು ಅಧ್ಯಕ್ಷರು ಬರೆದುಕೊಂಡರು. ಆಗ ಹೇಗಿತ್ತು ಎಂದು ಯಾರೂ ಕೇಳಲಿಲ್ಲ. ನನ್ನ ವಿವರಣೆ ಕಾರಿಡಾರಿನಲ್ಲಿ ಕಾಯುತ್ತಿದ್ದವರಿಗೆಲ್ಲ ತಿಳಿದು, ಆಮೇಲೆ ಹೋದವರೂ ಅದನ್ನೇ ಹೇಳಿದರು. ಅಧ್ಯಕ್ಷರು ತೀರ್ಪಿನಲ್ಲಿ ಬರೆದದ್ದು ಇದು: ಎಲ್ಲರೂ ಒಂದೇ ವಿವರಣೆ ಕೊಡುತ್ತಿದ್ದಾರೆ, ಇದರಿಂದ ಒಬ್ಬರನ್ನೊಬ್ಬರು ನಕಲು ಮಾಡುವ ಅಭ್ಯಾಸ ದೃಢಪಟ್ಟಿದೆ. ಬೇರೆ ಬೇರೆ ಸುಳ್ಳು ಹೇಳಿದ್ದರೆ ಪಾರಾಗುತ್ತಿದ್ದೆವೇನೋ. ಹೊರಗೆ ಬಂದ ಮೇಲೆ ಮೇಷ್ಟ್ರು ನನ್ನ ಹತ್ತಿರ ನಿಂತು, “ನಾನು ಪರದೇಲಿ ಹೇಗೆ ಕಾಣ್ತೀನಿ ಅಂತ ನನಗೆ ಹೇಗಮ್ಮ ಗೊತ್ತಾಗ್ಬೇಕು? ನನಗೂ ಮೇಲಿನವರಿದ್ದಾರೆ,” ಎಂದು ಹೇಳಿ ಹೋದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನ್ನಿಂದ ಆಗಲಿಲ್ಲ.

ಆಮೇಲೆ ನೀವು ದಯೆ ತೋರಿಸಿದಿರಿ. ತಪ್ಪೊಪ್ಪಿಗೆ ಬರೆದುಕೊಟ್ಟವರ ಫಲಿತಾಂಶ ಬಿಡುತ್ತೇವೆ, ಕೊಡದವರು ವರ್ಷ ಕಳೆದುಕೊಳ್ಳುತ್ತಾರೆ ಎಂದಿರಿ. ಆ ತಪ್ಪೊಪ್ಪಿಗೆಯಲ್ಲಿ ಒಂದು ಖಾಲಿ ಜಾಗವಿದೆ: ‘ಯಾರಿಂದ ನಕಲು ಮಾಡಿದಿರಿ?’ ಹೆಸರು ಬರೆಯದಿದ್ದರೆ ಸ್ವೀಕರಿಸುವುದಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಸಹಿ ಹಾಕಿದರು. ನನ್ನ ಪಕ್ಕದಲ್ಲೇ ವರ್ಷವಿಡೀ ಕೂತು ಬಾಯಿ ಮುಚ್ಚದೆ ಮಾತಾಡುತ್ತಿದ್ದ, ನಾವು ರೇಡಿಯೋ ಎಂದು ಕರೆಯುತ್ತಿದ್ದ ಗೆಳತಿಯೂ ಹಾಕಿದಳು. ಯಾರ ಹೆಸರು ಬರೆದೆ ಎಂದು ಕೇಳಿದೆ. ಅಂದು ಮಾತ್ರ ರೇಡಿಯೋ ದನಿ ತಗ್ಗಿಸಿ ಹೇಳಿತು.

“ನಿನ್ನ ಹೆಸರೇ ಕಣೇ. ಎಲ್ಲರೂ ನಿಂದೇ ಬರೆದಿದ್ದು. ಹೇಗಿದ್ರೂ ನೀನು ಸಹಿ ಹಾಕಲ್ಲ ಅಂತಿದ್ಯಲ್ಲ, ಬೇರೆಯವರ ಹೆಸರು ಬರೆದ್ರೆ ಅವ್ರಿಗೆ ತೊಂದ್ರೆ ಆಗುತ್ತೆ ಅಂತ.”

ಅವಳು ಅಳುತ್ತಿದ್ದಳು. ನಾನೇ ಸಮಾಧಾನ ಮಾಡಿ ಬಸ್ಸು ಹತ್ತಿಸಿದೆ. ಬೇರೆ ಏನು ಮಾಡಲಿ?

ಈಗ ನಿಮ್ಮ ಕಡತದ ಪ್ರಕಾರ ಇಡೀ ಕೋಣೆಗೆ ಉತ್ತರ ತೋರಿಸಿದವಳು ನಾನು. ಇಷ್ಟು ಜನಕ್ಕೆ ಒಬ್ಬಳೇ ಪಾಠ ಹೇಳಿದೆನೆಂದಾದರೆ ನನಗೊಂದು ಅಧ್ಯಾಪಕ ಹುದ್ದೆಯನ್ನಾದರೂ ಕೊಡಬಹುದಿತ್ತು. ಅಪ್ಪ ಡ್ಯೂಟಿ ಬಟ್ಟೆಯಲ್ಲೇ ಅಡುಗೆಮನೆ ಬಾಗಿಲಲ್ಲಿ ನಿಂತು, “ಬರೆದುಕೊಟ್ಬಿಡು ಮಗಳೇ. ನೀನು ಮಾಡಿಲ್ಲ ಅಂತ ನಮಗೆ ಗೊತ್ತಲ್ಲ, ಸಾಕು,” ಎಂದರು. ಅಪ್ಪ ಸೋತು ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಹಟ ಬಿಟ್ಟು ನಿಮ್ಮ ಕಚೇರಿಗೆ ಬಂದೆ. ಖಾಲಿ ಜಾಗದಲ್ಲಿ ಮೇಷ್ಟ್ರ ಹೆಸರು ಬರೆದೆ, ನಾನು ನೋಡಿ ಬರೆದದ್ದು ಅವರನ್ನೇ ಅಲ್ಲವೇ? ಗುಮಾಸ್ತರು ಅದನ್ನು ಹೊಡೆದುಹಾಕಿದರು. “ಅಧ್ಯಾಪಕರ ಹೆಸರು ಬರೆಯೋ ಹಾಗಿಲ್ಲಮ್ಮ. ವಿದ್ಯಾರ್ಥಿ ಹೆಸರೇ ಬೇಕು. ಹೆಸರು ಕೊಟ್ರೆ ನಿನ್ನ ಫಲಿತಾಂಶ ಬಿಡ್ತಾರೆ, ಆದ್ರೆ ನೀನು ಯಾರ ಹೆಸರು ಬರೀತೀಯೋ ಅವ್ರದ್ದು ಮತ್ತೆ ನಿಲ್ಲುತ್ತೆ, ನೋಡಿ ಬರಿ,” ಎಂದರು. ಕೆಟ್ಟವರೇನಲ್ಲ, ಕುಡಿಯಲು ನೀರು ಕೊಟ್ಟರು.

ಮಾನ್ಯರೇ, ಆರೋಪವನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳುವುದು ನನ್ನ ಹಕ್ಕು, ಕೇಳಿದ್ದೇನೆ. ನೀವು ಪಡೆಯಲಾರಿರಿ ಎಂದೂ ಗೊತ್ತಿದೆ. ಎರಡನೇ ವರ್ಷದ ಪ್ರವೇಶ ಈ ವಾರ ಮುಗಿಯುತ್ತದೆ, ನನ್ನ ಕೈಯಲ್ಲಿ ಇನ್ನೇನೂ ಉಳಿದಿಲ್ಲ. ಸಹಿ ಹಾಕಲು ಸಿದ್ಧಳಿದ್ದೇನೆ. ಆದರೆ ನಮ್ಮ ಕೋಣೆಯವರಲ್ಲಿ ಒಬ್ಬರ ವರ್ಷವನ್ನು ಆರಿಸಿ ಹಾಳುಮಾಡಲು ನನ್ನ ಕೈ ಬರುತ್ತಿಲ್ಲ. ಎಲ್ಲರ ಹೆಸರೂ ನಿಮ್ಮ ಬಳಿ ಇದೆ. ಒಂದು ಹೆಸರು ನೀವೇ ಆರಿಸಿ ತಿಳಿಸಿ, ಬರೆದುಕೊಡುತ್ತೇನೆ. ಯಾಕೆ ಆ ಹೆಸರೇ ಎಂದು ಅವರ ಅಪ್ಪ ಅಮ್ಮನಿಗೆ ಹೇಳುವ ಕೆಲಸವನ್ನೂ ನೀವೇ ಮಾಡಿ.

ಇಂತಿ,
ತಮ್ಮ ಕಡತದಲ್ಲಿ ಎಲ್ಲರಿಗೂ ತೋರಿಸಿಕೊಟ್ಟವಳು,
ತಾನು ಮಾತ್ರ ಯಾರನ್ನೂ ತೋರಿಸಲಾರದವಳು